ಒಪೆರಾ, ಬ್ಯಾಲೆಗೆ ಸೀಟು ಆರಿಸುವುದು ಹೇಗೆ?

ಕಾಫಿ ಕೊಯ್ಲು ಮುಗಿಸಿ, ವಿದೇಶದಲ್ಲಿರುವ ಮಗಳ ಮನೆಗೆ ಹೊರಡುವ ಅಪ್ಪ ಅಮ್ಮಂದಿರು ಚಿಕ್ಕಮಗಳೂರಿನಲ್ಲಿ ಈಗ ಅನೇಕರಿದ್ದಾರೆ. ಅಲ್ಲಿ ಒಂದು ಸಂಜೆ ಒಪೆರಾಗೋ (ಹಾಡಿನಲ್ಲೇ ಸಾಗುವ ನಾಟಕ) ಬ್ಯಾಲೆಗೋ (ಪಾಶ್ಚಾತ್ಯ ಶಾಸ್ತ್ರೀಯ ನೃತ್ಯ) ಹೋಗುವ ಮಾತು ಬಂದೇ ಬರುತ್ತದೆ. ನಾನೂ ಅಮ್ಮನನ್ನು ಬ್ಯಾಲೆಗೆ ಕರೆದೊಯ್ದಿದ್ದೆ. ವೇದಿಕೆಗೆ ಅಂಟಿಕೊಂಡಂತಿದ್ದ ಪಕ್ಕದ ಬಾಕ್ಸ್ (ಕೆಲವೇ ಕುರ್ಚಿಗಳ ಪುಟ್ಟ ಕೋಣೆ) ಸಿಕ್ಕಿತೆಂದು ಹಿಗ್ಗಿದ್ದೆ. ಪರದೆ ಎದ್ದ ಮೇಲೆ ನೋಡಿದರೆ, ನಮ್ಮ ಬದಿಯ ವೇದಿಕೆಯೇ ಕಾಣದು. ನರ್ತಕ ನೆಗೆದು ಈಚೆ ಬಂದರೆ ಪಾದ ಹಲಗೆಗೆ ತಾಗಿದ ಸದ್ದಷ್ಟೇ ನಮ್ಮ ಪಾಲಿಗೆ. ಅಮ್ಮ ಪ್ರದರ್ಶನ ಮುಗಿಯುವವರೆಗೂ ಕಟಕಟೆಗೆ ಬಾಗಿ ಕುತ್ತಿಗೆ ನೋಯಿಸಿಕೊಂಡಳು.

ಹಾಗಾಗಿ ದುಡ್ಡು ಕೊಡುವ ಮುಂಚೆ ಕೇಳಿಕೊಳ್ಳಬೇಕಾದ್ದು: ಹೋಗುತ್ತಿರುವುದು ನೋಡುವುದಕ್ಕೋ, ಕೇಳುವುದಕ್ಕೋ?

ಬ್ಯಾಲೆ ಕಣ್ಣಿನದು. ಕೊಪ್ಪ, ಶೃಂಗೇರಿ ಕಡೆ ಯಕ್ಷಗಾನದ ಆಟಕ್ಕೆ ಹೋದರೆ ನಾವು ಮುಂದೆ ಕೂರಲು ಹಾತೊರೆಯುತ್ತೇವೆ. ರಂಗಸ್ಥಳ ಚಿಕ್ಕದು, ವೇಷದ ಕಣ್ಣಿನ ಹೊರಳೂ ಬೇಕು. ಬ್ಯಾಲೆಯಲ್ಲಿ ಹತ್ತಾರು ನರ್ತಕಿಯರು ಸಾಲು ಕಟ್ಟಿ, ಸುತ್ತು ಬಿಡಿಸಿ ವಿನ್ಯಾಸ ಮೂಡಿಸುತ್ತಾರೆ. ರಂಗೋಲಿಯನ್ನು ನಿಂತು ನೋಡಿದರೇ ಚಂದ, ನೆಲಕ್ಕೆ ಮುಖವಿಟ್ಟಲ್ಲ. ತೀರಾ ಮುಂದಿನ ಸಾಲಿನಲ್ಲಿ ಎಷ್ಟೋ ಕಡೆ ಪಾದಗಳೇ ಕಾಣುವುದಿಲ್ಲ. ನನ್ನ ಆಯ್ಕೆ ಮೊದಲ ಬಾಲ್ಕನಿ, ನಡುಮಧ್ಯ, ಮುಂದಿನ ಎರಡು ಮೂರು ಸಾಲು.

ಒಪೆರಾ ಕಿವಿಯದು. ಸಾಮಾನ್ಯವಾಗಿ ಮೈಕ್ ಇರುವುದಿಲ್ಲ. ಹಾಡುಗಾರರ ದನಿ ಇಡೀ ವಾದ್ಯವೃಂದವನ್ನು ದಾಟಿ ಬರಬೇಕು. ಮೇಲಿನ ಗ್ಯಾಲರಿಯ ಅಗ್ಗದ ಸೀಟಿಗೂ ಅದು ಚೆನ್ನಾಗಿ ತಲುಪುತ್ತದೆ. ಬಿಡಬೇಕಾದ್ದು, ಬಾಲ್ಕನಿಯ ಅಡಿಯಲ್ಲಿ ಒಳಗೆ ಸೇರಿಕೊಂಡ ಹಿಂದಿನ ಸಾಲುಗಳನ್ನು. ಅಲ್ಲಿ ದನಿ ಮಂಕು. ವೇದಿಕೆಯ ನೆತ್ತಿಯಲ್ಲಿ ಮೂಡುವ ಹಾಡಿನ ಅನುವಾದವೂ ಮರೆಯಾಗುತ್ತದೆ. 1983ರಲ್ಲಿ ಟೊರಾಂಟೊದಲ್ಲಿ ಶುರುವಾದ ಈ ಏರ್ಪಾಡು ಇಟಾಲಿಯನ್, ಜರ್ಮನ್ ಬಾರದ ನಮಗೆ ದೊಡ್ಡ ಆಸರೆ.

ಇನ್ನು ಸಭಾಂಗಣದ ನಕ್ಷೆ. ಮಿಲಾನಿನ ಲಾ ಸ್ಕಾಲಾ (1778), ಪ್ಯಾರಿಸಿನ ಪಲೇ ಗಾರ್ನಿಯೇ (1875) ಮುಂತಾದ ಹಳೆಯ ಒಪೆರಾ ಮಂದಿರಗಳು ಕುದುರೆ ಲಾಳದ ಆಕಾರದವು. ಲಾಳದ ತುದಿಗಳಲ್ಲಿ ಕೂತವರಿಗೆ ವೇದಿಕೆಗಿಂತ ಎದುರು ಬಾಕ್ಸಿನವರ ಮುಖವೇ ಚೆನ್ನಾಗಿ ಕಾಣುತ್ತದೆ. ಬಾಕ್ಸ್ ಬೇಕೇ ಬೇಕೆಂದರೆ ಅದರ ಮುಂದಿನ ಕುರ್ಚಿ ಹಿಡಿಯಿರಿ. ಟಿಕೆಟ್ ವಿವರದಲ್ಲಿ 'ರಿಸ್ಟ್ರಿಕ್ಟೆಡ್ ವ್ಯೂ' ಎಂದಿದ್ದರೆ ನಿಮ್ಮ ನೋಟಕ್ಕೆ ಏನೋ ಅಡ್ಡವಿದೆ ಎಂದೇ ಅರ್ಥ.

ಮಂಡಿ ನೋವಿರುವವರು ಗ್ಯಾಲರಿಗೆ ಲಿಫ್ಟ್ ಇದೆಯೇ ಕೇಳಿ. ಅಲ್ಲಿನ ಮೆಟ್ಟಿಲು ಬಹಳ ಕಡಿದು.

ಕಾಲು ಗಟ್ಟಿಯಿರುವವರಿಗೆ ವಿಯೆನ್ನಾ ಸ್ಟೇಟ್ ಒಪೆರಾದಲ್ಲಿ ನಿಂತು ನೋಡುವ ಅಗ್ಗದ ಟಿಕೆಟ್ ಉಂಟು. ನಿಲ್ಲುವ ಜಾಗದ ಕಂಬಿಗೆ ಶಾಲು ಕಟ್ಟಿ ಸ್ಥಳ ಕಾಯ್ದಿರಿಸುವುದು ಅಲ್ಲಿ ಬಹುಕಾಲ ಇದ್ದ ಪದ್ಧತಿ, ನಮ್ಮ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿದ ಹಾಗೆ.

ಹೊರಡುವ ಮೊದಲು ನಮ್ಮ ಕುವೆಂಪು ಕಲಾಮಂದಿರದಲ್ಲೇ ಒಂದು ನೃತ್ಯ ಕಾರ್ಯಕ್ರಮವನ್ನು ಅರ್ಧ ಮುಂದೆ, ಅರ್ಧ ಹಿಂದೆ ಕೂತು ನೋಡಿ. ನಿಮ್ಮ ಕಣ್ಣಿಗೆ ಎಷ್ಟು ದೂರ ಹಿತ ಎಂಬುದು ತಿಳಿಯುತ್ತದೆ.

ಎರಡನೇ ಸಲ ಅಮ್ಮನಿಗೆ ಬಾಲ್ಕನಿಯ ನಡುವಿನ ಸೀಟು ಕೊಡಿಸಿದೆ. ಬಿಳಿ ಲಂಗದ ಹುಡುಗಿಯರು ಸಾಲಾಗಿ ಬರುತ್ತಿದ್ದಂತೆ ಅವಳ ತುಟಿ ಅಲುಗತೊಡಗಿತು. ಕಡೆಗೆ ನನ್ನ ಕಿವಿಯಲ್ಲಿ ಉಸುರಿದಳು: "24 ಜನ ಕಣೋ, ಒಬ್ಬಳದ್ದೂ ಹೆಜ್ಜೆ ತಪ್ಪಲಿಲ್ಲ."