ವರ್ಷಕ್ಕೊಮ್ಮೆ ಬರುವ ರೊಕ್ಕ, ತಿಂಗಳಿಗೊಮ್ಮೆ ಸಂಬಳ

ಬ್ಯಾಡಗಿ ಮಾರುಕಟ್ಟೆಗೆ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ಚೀಲ ಹೋಗುತ್ತವೆ. ದಲಾಲಿ ಅಂಗಡಿಯ ಪಟ್ಟಿ, ಅಂದರೆ ಮಾರಾಟದ ಲೆಕ್ಕದ ಚೀಟಿ, ಕೈಗೆ ಬಂದ ದಿನ ಎಂಥವರಿಗೂ ತಾನೊಬ್ಬ ಸಾಹುಕಾರ ಅನಿಸುತ್ತದೆ. ಒಂದು ವರ್ಷ ನಮಗೂ ಹಾಗೇ ಅನಿಸಿತ್ತು. ಫೆಬ್ರವರಿಯಲ್ಲಿ ಬೈಕ್ ತಂದೆವು. ಜೂನ್‌ನಲ್ಲಿ ಶಾಲೆ ಫೀ ಕಟ್ಟಲು ನೂರಕ್ಕೆ ಮೂರರ ಬಡ್ಡಿಗೆ ಸಾಲ ತಂದೆವು. ತಿಂಗಳಿಗೆ ಮೂರು ಅಂದರೆ ವರ್ಷಕ್ಕೆ 36, ಅಲ್ವಾ? ಬೈಕ್ ಮಾತ್ರ ಅಂಗಳದಲ್ಲಿ ಸುಮ್ನೆ ನಿಂತಿತ್ತು.

ಆಮೇಲೆ ಕಲಿತ ದಾರಿ ಇದು. ಪಟ್ಟಿಯ ರೊಕ್ಕ 3 ಲಕ್ಷ ಅಂತ ಇಟ್ಟುಕೊಳ್ಳಿ.

ಮೊದಲು ಬೆಳೆಸಾಲದ 1 ಲಕ್ಷ ಕಟ್ಟಿಬಿಡಿ. ಗಡುವು ಮೀರಿದರೆ ಬಡ್ಡಿ ರಿಯಾಯಿತಿ ಕೈತಪ್ಪುತ್ತದೆ. ಮುಂದಿನ ಬೀಜ, ಗೊಬ್ಬರ, ಆಳಿನ ಖರ್ಚಿಗೆ 60 ಸಾವಿರ ಎತ್ತಿಡಿ. ಆಸ್ಪತ್ರೆ ಅಂತ ಬಂದರೆ ಇರಲಿ, ಇನ್ನೊಂದು 20 ಸಾವಿರ. ಉಳಿದದ್ದು 1 ಲಕ್ಷ 20 ಸಾವಿರ, ಅಂದರೆ ತಿಂಗಳಿಗೆ 10 ಸಾವಿರ. ಅದೇ ನಿಮ್ಮ ಸಂಬಳ.

ಈ ಸಂಬಳ ಉಳಿಯಬೇಕಾದರೆ ಎರಡು ಖಾತೆ ಬೇಕು. ಪಟ್ಟಿಯ ರೊಕ್ಕ ಒಂದರಲ್ಲಿ. ಅದರ ಎಟಿಎಂ ಕಾರ್ಡ್ ಟ್ರಂಕಿನಲ್ಲಿರಲಿ, ಫೋನ್‌ಪೇಗೂ ಜೋಡಿಸಬೇಡಿ. ಪ್ರತಿ ತಿಂಗಳು 1ನೇ ತಾರೀಖು ಅಲ್ಲಿಂದ ಮನೆಖರ್ಚಿನ ಖಾತೆಗೆ 10 ಸಾವಿರ ತಾನಾಗಿಯೇ ಹೋಗುವಂತೆ ಬ್ಯಾಂಕಿನಲ್ಲಿ ಬರೆದುಕೊಡಿ. ಮೊದಲ ಎರಡು ತಿಂಗಳು 20ನೇ ತಾರೀಖಿಗೇ ಖಾಲಿಯಾಗುತ್ತದೆ. ನಮ್ಮದೂ ಆಗಿತ್ತು. ಆಗ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ತೆಗೆದು ನೋಡಿ, ಎಲ್ಲಿ ಸೋರುತ್ತಿದೆ ಅಂತ ಅದೇ ಹೇಳುತ್ತದೆ. ನಮ್ಮ ಮನೆಯಲ್ಲಿ ಚಹಾಪುಡಿ, ಸಕ್ಕರೆಗಿಂತ ಗುಟ್ಕಾದ ಲೆಕ್ಕವೇ ಜಾಸ್ತಿ ಇತ್ತು. ಯಾರದೆಂದು ಬರೆಯುವುದಿಲ್ಲ.

ವಿಮೆಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಬ್ಯಾಂಕಿನಲ್ಲಿ ಮಾಡಿಸುವ ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಗೆ ವರ್ಷಕ್ಕೆ 436, ಸುರಕ್ಷಾ ವಿಮೆಗೆ 20 ರೂಪಾಯಿ. ಒಂದೊಂದಕ್ಕೂ 2 ಲಕ್ಷದ ರಕ್ಷಣೆ ಇದೆ, ಆದರೆ ಸುರಕ್ಷಾ ಅಪಘಾತಕ್ಕೆ ಮಾತ್ರ. ಎರಡನ್ನೂ ಮಾಡಿಸಿದ್ದರೆ ಮೇ ಕೊನೆಗೆ ಕಂತಿಗೆ ಬೇಕಾದ 456 ರೂಪಾಯಿ ಖಾತೆಯಲ್ಲಿ ಇದೆಯೇ ನೋಡಿಕೊಳ್ಳಿ.

ಮುಪ್ಪಿನ ಮಾತು ಬಂದರೆ ನಮ್ಮ ಕಡೆ "ಹೊಲ ಐತಲ್ಲ" ಅಂತಾರೆ. ಹೊಲ ಇದ್ದರೂ ಅರವತ್ತರಲ್ಲಿ ನೇಗಿಲು ಹಿಡಿಯುವವರು ಬೇಕಲ್ಲ? ಸರ್ಕಾರದ ಅಟಲ್ ಪಿಂಚಣಿ ಯೋಜನೆಗೆ 18ರಿಂದ 40 ವರ್ಷದೊಳಗೆ ಸೇರಬೇಕು, ಆದಾಯ ತೆರಿಗೆ ಕಟ್ಟುವವರಿಗೆ ಇಲ್ಲ. 60ರ ನಂತರ ತಿಂಗಳಿಗೆ 5 ಸಾವಿರ ಬೇಕಾದರೆ 18ರಲ್ಲಿ ಸೇರಿದವರು ತಿಂಗಳಿಗೆ 210 ರೂಪಾಯಿ ಕಟ್ಟುತ್ತಾರೆ, 40ರಲ್ಲಿ ಸೇರಿದವರು 1,454. ಆರು ತಿಂಗಳಿಗೊಮ್ಮೆ ಕಟ್ಟಲೂ ಬರುತ್ತದೆ. ನಾವು ಒಂದು ಕಂತನ್ನು ಪಟ್ಟಿ ಬಂದ ವಾರವೇ ಕಟ್ಟಿ, ಬೈಕಿನ ಕಡೆ ನೋಡುವುದು ಆಮೇಲೆ.