‘ಸ್ಟಾರ್ಮ್ ವಾರ್ನಿಂಗ್’ ಕೇಳುವುದು ಹೇಗೆ? ಡಾಕ್ಟರ್ ಹೂ ಗೊತ್ತಿಲ್ಲದವರಿಗೂ

ಡಾಕ್ಟರ್ ಹೂ ಅಂದರೆ ಕಾಲದಲ್ಲಿ ಓಡಾಡುವವನೊಬ್ಬನ ಕಥೆ ಹೇಳುವ ಬ್ರಿಟಿಷ್ ಟಿವಿ ಸರಣಿ. ಅದರ ಆಡಿಯೋ ನಾಟಕಗಳನ್ನು ಎಲ್ಲಿಂದ ಶುರು ಮಾಡಬೇಕು ಅಂತ ಯಾರೇ ಕೇಳಿದರೂ ನನ್ನ ಉತ್ತರ ಒಂದೇ: ‘ಸ್ಟಾರ್ಮ್ ವಾರ್ನಿಂಗ್’. ಬಿಗ್ ಫಿನಿಶ್ ಕಂಪನಿ ಇದನ್ನು 2001ರ ಜನವರಿಯಲ್ಲಿ ಹೊರತಂದಿತು. ಬರೆದವರು ಅಲನ್ ಬಾರ್ನ್ಸ್. ಎಂಟನೇ ಡಾಕ್ಟರ್ ಆಗಿ ಪಾಲ್ ಮೆಕ್‌ಗ್ಯಾನ್, ಅವನ ಹೊಸ ಜೊತೆಗಾತಿ ಚಾರ್ಲಿ ಪೊಲಾರ್ಡ್ ಆಗಿ ಇಂಡಿಯಾ ಫಿಶರ್. ಕಾಲದಲ್ಲಿ ಓಡಾಡುವ ಬದುಕಿಗೆ ಚಾರ್ಲಿ ಕಾಲಿಡುವುದು ಇಲ್ಲೇ. ಧಾರವಾಡದ ಹವ್ಯಾಸಿ ನಾಟಕ ತಂಡವೊಂದರಲ್ಲಿ ನಾನು ಧ್ವನಿ ನೋಡಿಕೊಳ್ಳುತ್ತೇನೆ. ಹಾಗಾಗಿ ಇದನ್ನು ಕಥೆಗೆ ಎಷ್ಟು ಕೇಳಿದ್ದೇನೋ, ಕೆಲಸ ಕಲಿಯೋಕೂ ಅಷ್ಟೇ ಕೇಳಿದ್ದೇನೆ.

ಮೊದಲು ಹೆದರಿಕೆ ಬಿಡಿ. 1963ರಿಂದ ಬಂದ ಕಥೆಯನ್ನೆಲ್ಲ ತಿಳಿದಿರಬೇಕಿಲ್ಲ. ಡಾಕ್ಟರ್ ಮನುಷ್ಯನಲ್ಲ. ಸಾವು ಹತ್ತಿರ ಬಂದಾಗ ಅವನ ದೇಹವೇ ಬದಲಾಗುತ್ತದೆ, ಎಂಟನೇ ಡಾಕ್ಟರ್ ಅಂದರೆ ಅವನ ಎಂಟನೇ ರೂಪ. ಅವನ ಕಾಲನೌಕೆ ಟಾರ್ಡಿಸ್, ಹೊರಗಿನಿಂದ ನೋಡಿದರೆ ನೀಲಿ ಪೊಲೀಸ್ ಪೆಟ್ಟಿಗೆ, ಅಂದರೆ ಹಿಂದೆ ಬ್ರಿಟನ್ನಿನ ಬೀದಿಗಳಲ್ಲಿ ಪೊಲೀಸರಿಗೆ ಫೋನ್ ಮಾಡಲು ಇದ್ದ ಗೂಡು. ಇಷ್ಟು ಸಾಕು.

ಅದರ ಬದಲು ಆರ್101 ಅನ್ನುವ ಏರ್‌ಶಿಪ್ (ಹಗುರ ಅನಿಲ ತುಂಬಿ ಗಾಳಿಯಲ್ಲಿ ತೇಲಿಸುವ ಹಡಗು) ಬಗ್ಗೆ ಹತ್ತು ನಿಮಿಷ ಓದಿಕೊಳ್ಳಿ. ಇದನ್ನು ಮಾತ್ರ ಬಿಡಬೇಡಿ. ನಾಟಕ ನಡೆಯುವುದು ಆ ಏರ್‌ಶಿಪ್ ಒಳಗೆ, ಮತ್ತು ಆ ಏರ್‌ಶಿಪ್ ನಿಜವಾಗಿಯೂ ಇತ್ತು. ಉದ್ದ 777 ಅಡಿ, ಒಳಗೆ ತುಂಬಿದ್ದು ಹೈಡ್ರೋಜನ್. 1930ರ ಅಕ್ಟೋಬರ್ 4ರ ಸಂಜೆ ಇಂಗ್ಲೆಂಡಿನ ಕಾರ್ಡಿಂಗ್ಟನ್‌ನಿಂದ ಹೊರಟಿತು. ಹೋಗಬೇಕಿದ್ದದ್ದು ಕರಾಚಿಗೆ. ಅದಕ್ಕಾಗಿ ಅಲ್ಲಿ ದೊಡ್ಡ ಶೆಡ್ ಕೂಡ ಕಟ್ಟಿದ್ದರು. ಆಗ ಕರಾಚಿ ಬಾಂಬೆ ಪ್ರೆಸಿಡೆನ್ಸಿಯಲ್ಲಿತ್ತು, ನಮ್ಮ ಧಾರವಾಡವೂ ಅದರಲ್ಲೇ ಇತ್ತು. ಅಂದರೆ ಈ ಹಡಗು ಹೊರಟಿದ್ದು ಒಂದು ಲೆಕ್ಕದಲ್ಲಿ ನಮ್ಮ ಕಡೆಗೇ.

ಅದರಲ್ಲಿ ಸಿಗರೇಟು ಸೇದಲು ಒಂದು ಕೋಣೆ ಇತ್ತು ಅಂದರೆ ನಂಬುತ್ತೀರಾ? ತಲೆ ಮೇಲೆ ಲಕ್ಷಾಂತರ ಘನ ಅಡಿ ಹೈಡ್ರೋಜನ್, ಕೆಳಗೆ ಬೆಂಕಿ ತಡೆಯುವ ಹಾಗೆ ಕಟ್ಟಿದ ಕೋಣೆ. ರಾತ್ರಿ ಹಡಗಿನಿಂದ ಹೋದ ವೈರ್‌ಲೆಸ್ ಸಂದೇಶವೂ ಇದನ್ನೇ ಹೇಳುತ್ತದೆ: ಗಣ್ಯ ಪ್ರಯಾಣಿಕರು ಊಟ ಮುಗಿಸಿ, ಕೊನೆಯ ಸಿಗಾರ್ ಸೇದಿ, ಫ್ರಾನ್ಸಿನ ದಡ ನೋಡಿ ಮಲಗಲು ಹೋದರು ಅಂತ. ನಡುರಾತ್ರಿ ಎರಡು ಗಂಟೆ ದಾಟಿದಾಗ, ಮಳೆ ಗಾಳಿಯ ನಡುವೆ, ಹಡಗು ಫ್ರಾನ್ಸಿನ ಬೋವೆ ಊರಿನ ಹತ್ತಿರ ನೆಲಕ್ಕೆ ಬಿದ್ದು ಹೊತ್ತಿಕೊಂಡಿತು. 54 ಜನರಲ್ಲಿ 48 ಜನ ಸತ್ತರು. ವಿಮಾನಯಾನ ಸಚಿವ ಲಾರ್ಡ್ ಥಾಮ್ಸನ್ ಕೂಡ.

ಕೊನೆ ಮೊದಲೇ ತಿಳಿದುಬಿಟ್ಟರೆ ಮಜಾ ಹೋಗುತ್ತದೆ ಅಂತ ಕೆಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಹಡಗಿನ ಗತಿ ಡಾಕ್ಟರ್‌ಗೆ ಗೊತ್ತು. ಚಾರ್ಲಿಗೆ ಗೊತ್ತಿಲ್ಲ. ಹದಿನೆಂಟರ ಹುಡುಗಿ, ಗಂಡು ವೇಷ ಹಾಕಿ ಸ್ಟೀವರ್ಡ್ (ಪ್ರಯಾಣಿಕರ ಪರಿಚಾರಕ) ಆಗಿ ಹಡಗಿಗೆ ನುಸುಳಿದ್ದಾಳೆ. ಹೊಸ ವರ್ಷದ ಹಿಂದಿನ ರಾತ್ರಿ ಸಿಂಗಪುರದ ರಾಫಲ್ಸ್ ಹೋಟೆಲಿನಲ್ಲಿ ಒಬ್ಬನನ್ನು ಭೇಟಿಯಾಗಬೇಕು ಅನ್ನುವ ಉತ್ಸಾಹ ಅವಳದು. ಆ ಉತ್ಸಾಹದ ಮಾತು ಕೇಳುವಾಗ ನಿಮಗೂ ಡಾಕ್ಟರ್‌ಗೆ ಗೊತ್ತಿರುವುದು ಗೊತ್ತಿರಬೇಕು. ಆಗಲೇ ಹೊಟ್ಟೆ ಕಿವುಚುವುದು. ಹಡಗಿನ ಕೊನೆ ತಿಳಿದುಕೊಳ್ಳಿ, ಚಾರ್ಲಿಯ ಕಥೆ ಎಲ್ಲಿಗೆ ಹೋಗುತ್ತದೆ ಅಂತ ಮಾತ್ರ ಎಲ್ಲೂ ಹುಡುಕಬೇಡಿ.

ಈಗ ಕೇಳುವ ವಿಷಯ. ನಾಟಕ ನಾಲ್ಕು ಭಾಗ, ಒಟ್ಟು ಸುಮಾರು ಎರಡು ಗಂಟೆ. ಒಂದು ಸಲಕ್ಕೆ ಒಂದೇ ಭಾಗ ಕೇಳಿ. ಪ್ರತಿ ಭಾಗವೂ ಒಂದು ಇಕ್ಕಟ್ಟಿನಲ್ಲಿ ನಿಲ್ಲುತ್ತದೆ, ಆ ನಿಲ್ಲುವಿಕೆಗೆ ಒಂದು ರಾತ್ರಿಯಾದರೂ ಕೊಡಿ. ಫೋನಿನ ಸ್ಪೀಕರ್ ಬೇಡ, ಇಯರ್‌ಫೋನ್ ಹಾಕಿಕೊಳ್ಳಿ. ಸುಮ್ನೆ ಕೂತು ಕೇಳೋಕೆ ಆಗದವರು ಕೈಗೆ ಏನಾದರೂ ಕೆಲಸ ಹಚ್ಚಿಕೊಳ್ಳಿ. ಬಟ್ಟೆ ಮಡಚುವುದು, ಅವರೆಕಾಳು ಬಿಡಿಸುವುದು ಆಗುತ್ತದೆ. ಓದುವ, ಬರೆಯುವ ಕೆಲಸ ಮಾತ್ರ ಆಗುವುದಿಲ್ಲ.

1930ರ ಇಂಗ್ಲಿಷ್ ಗತ್ತಿನ ಉಚ್ಚಾರ ನಮ್ಮ ಕಿವಿಗೆ ಮೊದಲು ಜಾರುತ್ತದೆ. ಒಂದು ಚೀಟಿಯಲ್ಲಿ ಹೆಸರು ಬರೆದಿಟ್ಟುಕೊಳ್ಳಿ: ಟ್ಯಾಮ್ವರ್ತ್, ರಾತ್‌ಬೋನ್, ಫ್ರೇಲಿಂಗ್, ವೀಕ್ಸ್. ಟ್ಯಾಮ್ವರ್ತ್ ಅಂದರೆ ಹಡಗಿನಲ್ಲಿರುವ ದೊಡ್ಡ ಮನುಷ್ಯ, ನಿಜದ ಲಾರ್ಡ್ ಥಾಮ್ಸನ್ ಜಾಗದಲ್ಲಿ ಇಟ್ಟ ಪಾತ್ರ. ವೀಕ್ಸ್ ಮುಖ್ಯ ಸ್ಟೀವರ್ಡ್. ಯಾರ ದನಿ ಯಾರದು ಅಂತ ಗೊತ್ತಾಗುವವರೆಗೆ ಮೊದಲ ಹತ್ತು ನಿಮಿಷ ಮತ್ತೆ ಹಾಕಿ ಕೇಳಿ. ಆಮೇಲೆ ಚೀಟಿ ಬೇಕಾಗುವುದಿಲ್ಲ.

ಶುರುವಿನಲ್ಲಿ ಡಾಕ್ಟರ್ ಟಾರ್ಡಿಸ್ ಒಳಗೆ ಒಬ್ಬನೇ ಇದ್ದಾನೆ, ತನ್ನಷ್ಟಕ್ಕೆ ತಾನೇ ಮಾತಾಡುತ್ತಾನೆ. ಇದು ಜಾಸ್ತಿ ಆಯಿತು ಅನ್ನುವವರಿದ್ದಾರೆ. ನಿಜ, ಸ್ವಲ್ಪ ಉದ್ದವೇ. ಆದರೆ ಅಲ್ಲಿ ಮುಂದಕ್ಕೆ ಓಡಿಸಬೇಡಿ. ಬಾನುಲಿ ನಾಟಕ ಮಾಡಿದ ಎಲ್ಲರಿಗೂ ಈ ಕಷ್ಟ ಗೊತ್ತು. ರಂಗದ ಮೇಲೆ ನಟ ಬಾಗಿಲ ಕಡೆ ನೋಡಿದರೆ ಸಾಕು. ಕಿವಿಗೆ ಹಾಗಲ್ಲ. ಬಾಗಿಲು ಕಿರ್‍ ಅನ್ನಬೇಕು, ಇಲ್ಲವೇ ಯಾರಾದರೂ ‘ಯಾರದು ಬಾಗಿಲಲ್ಲಿ?’ ಅನ್ನಬೇಕು. ಒಬ್ಬನೇ ಇದ್ದರೆ ಯಾರಿಗೆ ಅನ್ನುವುದು? ಜೊತೆಗೊಬ್ಬರು ಬಂದ ಕೂಡಲೇ ಆ ಕಷ್ಟ ತೀರುತ್ತದೆ. ಚಾರ್ಲಿ ‘ಅದೇನು?’ ಅಂತ ಕೇಳುವುದು ಸಹಜ, ಡಾಕ್ಟರ್ ಹೇಳುವುದೂ ಸಹಜ, ಅಷ್ಟರಲ್ಲಿ ನಮಗೆ ದೃಶ್ಯ ಕಂಡಿರುತ್ತದೆ. ಚಾರ್ಲಿ ಬರುವ ಮುಂಚಿನ ಡಾಕ್ಟರ್, ಬಂದ ಮೇಲಿನ ಡಾಕ್ಟರ್, ಇಬ್ಬರ ಮಾತಿನ ಓಟವನ್ನೂ ಹೋಲಿಸಿ ಕೇಳಿ. ಪಾಲ್ ಮೆಕ್‌ಗ್ಯಾನ್ ದನಿ ಹಗುರಾಗುವುದು ಗೊತ್ತಾಗುತ್ತದೆ. ನಾಟಕ ಬರೆಯುವ ಆಸೆ ಇರುವವರು ಇದಕ್ಕಾಗಿ ಮೊದಲ ಭಾಗವನ್ನು ಇನ್ನೊಮ್ಮೆ ಕೇಳಲೇಬೇಕು.

ನಡುವೆ ಟ್ರಿಸ್ಕೀಲ್ ಅನ್ನುವ ಅನ್ಯಗ್ರಹದವರು ಬರುತ್ತಾರೆ, ಅವರ ಸಮಾಜದಲ್ಲಿ ಮೂರು ಬಗೆ ಜನ. ಅಲ್ಲಿ ವಿವರಣೆ ಹೆಚ್ಚು, ನನಗೆ ಅಷ್ಟು ಹಿಡಿಸುವುದಿಲ್ಲ. ಆದರೆ ಅದನ್ನು ದಾಟಿಸಿ ಮುಂದೆ ಹೋದರೆ ನಾಲ್ಕನೇ ಭಾಗ ಅರ್ಥವಾಗದು. ಆ ಭಾಗವನ್ನು ರಾತ್ರಿ ದೀಪ ಆರಿಸಿ ಕೇಳಿ. ಹಡಗು ನೆಲದ ಕಡೆ ಇಳಿಯುತ್ತಿರುವಾಗ ಡಾಕ್ಟರ್ ಮಾಡುವ ಒಂದು ನಿರ್ಧಾರಕ್ಕೋಸ್ಕರವೇ ಇಷ್ಟು ಹೊತ್ತು ಕಾದದ್ದು.

ಮುಗಿದ ಮೇಲೆ ಏನು? ಎಲ್ಲರೂ ‘ದಿ ಚೈಮ್ಸ್ ಆಫ್ ಮಿಡ್‌ನೈಟ್’ ಕೇಳಿ ಅನ್ನುತ್ತಾರೆ. 2002ರ ಆ ನಾಟಕ ಅದ್ಭುತವೇ, ಆದರೆ ನೇರ ಅದಕ್ಕೆ ಹಾರಬೇಡಿ. ಆರ್101ರಲ್ಲಿ ನಡೆದದ್ದರ ಭಾರ ಅದರ ಮೇಲಿದೆ, ಚಾರ್ಲಿ ಜೊತೆ ಸ್ವಲ್ಪ ದಿನ ಕಳೆದಿದ್ದರೆ ಮಾತ್ರ ಅದು ಎದೆಗೆ ತಾಗುತ್ತದೆ. ‘ಸ್ವೋರ್ಡ್ ಆಫ್ ಓರಿಯನ್’, ‘ದಿ ಸ್ಟೋನ್ಸ್ ಆಫ್ ವೆನಿಸ್’, ‘ಮಿನುಯೆಟ್ ಇನ್ ಹೆಲ್’ ಈ ಕ್ರಮದಲ್ಲಿ ಮೊದಲು ಕೇಳಿ. ಈ ಕಥೆಗಳ ಎಳೆಗಳೆಲ್ಲ ಬಂದು ಸೇರುವುದು ‘ನೆವರ್‌ಲ್ಯಾಂಡ್’ ನಾಟಕದಲ್ಲಿ. ಸಮಯ ಕಡಿಮೆ ಇದ್ದರೆ ‘ಮಿನುಯೆಟ್ ಇನ್ ಹೆಲ್’ ಬಿಡಬಹುದು, ‘ನೆವರ್‌ಲ್ಯಾಂಡ್’ ಮಾತ್ರ ಬಿಡಬೇಡಿ.