ನಿಂತುಹೋಗಿದ್ದ ಕುಂಚ ಮತ್ತೆ ಕೈಗೆ ಬಂದಿದ್ದು

ಹೋದ ವರ್ಷ ಎಂಟು ತಿಂಗಳು ನನಗಾಗಿ ಅಂತ ಒಂದು ಚಿತ್ರವನ್ನೂ ಬರೆಯಲಿಲ್ಲ. ಆರ್ಡರ್ ಕೆಲಸ ಇತ್ತು, ಬೆಂಗಳೂರಿನಲ್ಲಿ ಕಲಾಕೃತಿಗಳನ್ನು ಮಾರುವ ಚಿತ್ರಸಂತೆಗೆ ಗಣಪತಿ, ಬುದ್ಧ ಬರೆದೆ. ಅದು ನಡೆಯುವ ಕುಮಾರಕೃಪಾ ರಸ್ತೆಯಲ್ಲಿ ಕೆಲವು ಮಾರಾಟವೂ ಆದವು. ಮನೆಗೆ ಬಂದರೆ ಮಾತ್ರ ಕುಂಚ ಮುಟ್ಟಲು ಮನಸ್ಸೇ ಇರುತ್ತಿರಲಿಲ್ಲ.

ಸಮಯ ಸಾಲದು ಅಂದುಕೊಂಡಿದ್ದೆ. ತೊಡಕು ಅದಲ್ಲ. ಕೂತ ತಕ್ಷಣ 'ಇದನ್ನು ಯಾರು ಕೊಳ್ಳುತ್ತಾರೆ' ಅನ್ನೋ ಲೆಕ್ಕ ಶುರುವಾಗುತ್ತಿತ್ತು. ಬಣ್ಣದ ಡಬ್ಬಿಯೂ ಬೀರುವಿನ ಮೇಲೆ. ಇಳಿಸುವಷ್ಟರಲ್ಲೇ ಉತ್ಸಾಹ ಇಳಿದುಹೋಗುತ್ತದೆ, ಅಲ್ವಾ?

ಆಮೇಲೆ ಹೀಗೆ ಮಾಡಿದೆ. 300 ಜಿಎಸ್‌ಎಂನ, ಅಂದರೆ ದಪ್ಪನೆಯ, ಎ4 ಹಾಳೆಯನ್ನು ನಾಲ್ಕು ತುಂಡು ಮಾಡಿ ಅಡುಗೆಮನೆ ಕಿಟಕಿಯ ಪಕ್ಕದಲ್ಲೇ ಇಟ್ಟೆ. ಜಲವರ್ಣದ ಮೂರೇ ಟ್ಯೂಬ್: ಅಲ್ಟ್ರಾಮರೀನ್ ನೀಲಿ, ಕೆಂಗಂದಿನ ಬರ್ಂಟ್ ಸಿಯೆನ್ನಾ, ಮಣ್ಣಿನ ಹಳದಿ ಯೆಲ್ಲೋ ಓಕರ್. ದಿನಾ ಬೆಳಿಗ್ಗೆ 20 ನಿಮಿಷ, ಹೊರಗಿನ ಅದೇ ನುಗ್ಗೆಮರ. ಮಾರುವಂತಿಲ್ಲ, ಫೋಟೋ ತೆಗೆಯುವಂತಿಲ್ಲ. ಒಣಗಿದ ಮೇಲೆ ಚಪ್ಪಲಿ ಡಬ್ಬಿಗೆ.

ಮೊದಲ ಎರಡು ವಾರ ಸುಮ್ನೆ ಹಟಕ್ಕೆ ಕೂತೆ. ಒಂದು ಮಳೆಯ ಬೆಳಿಗ್ಗೆ ನೀಲಿಗೆ ಸಿಯೆನ್ನಾ ಬೆರೆಸಿದಾಗ ಬಂದ ಬೂದುಬಣ್ಣ, ಒದ್ದೆ ಕಾಗದದ ತರಿಗಳಲ್ಲಿ ಸಣ್ಣ ಸಣ್ಣ ಕಣವಾಗಿ ಇಳಿಯಿತು. ಮೋಡ ತಾನೇ ಬಂದು ಕೂತ ಹಾಗಿತ್ತು. ಉಸಿರು ಹಿಡಿದು ನೋಡಿದೆ. ಕಾಲೇಜು ದಿನಗಳ ಆ ಖುಷಿ ಮತ್ತೆ ಸಿಕ್ಕಿತು.

ಆರ್ಡರ್ ಕೆಲಸ ಈಗಲೂ ಇದೆ, ಮಧ್ಯಾಹ್ನದ ನಂತರ. ಡಬ್ಬಿಯಲ್ಲಿ 140 ನುಗ್ಗೆಮರಗಳಿವೆ. ಈ ವಾರ ಹೊರಗಿನ ಮರ ಹೂ ಬಿಟ್ಟಿದೆ, ಹೂವಿನ ಜಾಗಕ್ಕೆ ಬಣ್ಣ ಹಚ್ಚದೆ ಬಿಳಿಯನ್ನು ಕಾಗದದಲ್ಲೇ ಉಳಿಸಿಕೊಳ್ಳುವುದು ಕಲಿಯುತ್ತಿದ್ದೇನೆ.